ರನ್‌ವೇಯಿಂದ ಮೂರು ಕಿಲೋಮೀಟರ್ ದೂರದ ಜಮೀನು: ಕಟ್ಟಡದ ಎತ್ತರಕ್ಕೆ ಇಷ್ಟು ಬಿಗಿಯಾದ ಮಿತಿ ಏಕೆ?

ಪ್ರಶ್ನೆ: ಬಯಲುಸೀಮೆಯವ

ಎಲ್ಲರಿಗೂ ನಮಸ್ಕಾರ. ದೇವನಹಳ್ಳಿ ತಾಲ್ಲೂಕಿನಲ್ಲಿ, ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಉತ್ತರ ದಿಕ್ಕಿಗೆ, ರನ್‌ವೇಯಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ನಮ್ಮ ಕುಟುಂಬಕ್ಕೆ ಸ್ವಲ್ಪ ಜಮೀನಿದೆ. ಭೂಪರಿವರ್ತನೆ ಮುಗಿದಿದ್ದು, ಒಬ್ಬ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿಗೆ ಮಾತುಕತೆ ನಡೆಯುತ್ತಿದೆ. ಸ್ಟಿಲ್ಟ್ (ಕಂಬಗಳ ಮೇಲೆ ನಿಂತ, ವಾಹನ ನಿಲ್ಲಿಸುವ ತೆರೆದ ಅಂತಸ್ತು) ಮತ್ತು ಅದರ ಮೇಲೆ ಹನ್ನೊಂದು ಮಹಡಿ ಕಟ್ಟುವುದಾಗಿ ಅವರು ಮೊದಲು ಹೇಳಿದ್ದರು. ಈಗ ವಿಮಾನ ನಿಲ್ದಾಣ ಪ್ರಾಧಿಕಾರದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬಂದಿದ್ದು, ಅದರಲ್ಲಿ ನಿವೇಶನದ ನೆಲಮಟ್ಟ 926 ಮೀಟರ್, ಅನುಮತಿಸಿದ ಗರಿಷ್ಠ ಮಟ್ಟ 960 ಮೀಟರ್ ಎಂದು ನಮೂದಾಗಿದೆ. ಎಂದರೆ ನಮಗೆ ಸಿಗುವುದು 34 ಮೀಟರ್ ಮಾತ್ರ ಎಂದು ಎಂಜಿನಿಯರ್ ಹೇಳುತ್ತಾರೆ.

ನನ್ನ ಗೊಂದಲಗಳು ಹೀಗಿವೆ. ನಮ್ಮ ಜಮೀನಿನ ಮೇಲೆ ವಿಮಾನಗಳು ಹಾರುವುದೇ ಇಲ್ಲ. ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿರುವುದರಿಂದ ಅವು ನಮ್ಮ ಊರನ್ನು ಬದಿಗಿಟ್ಟೇ ಇಳಿಯುತ್ತವೆ, ಏರುತ್ತವೆ. ಹೀಗಿರುವಾಗ ನಮಗೆ ಮಿತಿ ಏಕೆ? ಹೆಚ್ಚು ದೂರವಿಲ್ಲದ ಇನ್ನೊಂದು ಯೋಜನೆಯಲ್ಲಿ ಹದಿನೆಂಟು ಮಹಡಿ ಏಳುತ್ತಿದೆ, ಅವರಿಗೆ ಹೇಗೆ ಸಿಕ್ಕಿತು? ನಿಲ್ದಾಣದ ಆವರಣದಲ್ಲಿಯೇ 108 ಅಡಿಯ ಕೆಂಪೇಗೌಡರ ಪ್ರತಿಮೆ ನಿಂತಿರುವಾಗ ಹೊರಗಿನವರಿಗೆ ಮಾತ್ರ ನಿಯಮವೇ ಎಂದು ನಮ್ಮ ಚಿಕ್ಕಪ್ಪನವರು ದಿನವೂ ಕೇಳುತ್ತಾರೆ. ‘ಏರೋನಾಟಿಕಲ್ ಸ್ಟಡಿ (ಹೆಚ್ಚಿನ ಎತ್ತರದಿಂದ ವಿಮಾನ ಸಂಚಾರಕ್ಕೆ ತೊಂದರೆಯಿದೆಯೇ ಎಂಬ ಅಧ್ಯಯನ) ಮಾಡಿಸಿದರೆ ಎತ್ತರ ಹೆಚ್ಚಿಸಬಹುದು, ಮೊದಲು ಒಪ್ಪಂದಕ್ಕೆ ಸಹಿ ಮಾಡಿ’ ಎಂದು ಬಿಲ್ಡರ್ ಕಡೆಯವರು ಒತ್ತಾಯಿಸುತ್ತಿದ್ದಾರೆ. ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಮೋಜಣಿದಾರ

ಮೊದಲು ಲೆಕ್ಕವನ್ನು ತಿಳಿಯೋಣ, ಏಕೆಂದರೆ ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಸಿಗುತ್ತದೆ. ವಿಮಾನ ನಿಲ್ದಾಣದ ಸುತ್ತಲಿನ ಮಿತಿಯನ್ನು ಮಹಡಿಗಳಲ್ಲಾಗಲಿ, ನೆಲದಿಂದ ಕಟ್ಟಡದ ಎತ್ತರದಲ್ಲಾಗಲಿ ಹೇಳುವುದಿಲ್ಲ. ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಹೇಳುತ್ತಾರೆ. ಕೆಂಪೇಗೌಡ ನಿಲ್ದಾಣದ ಎತ್ತರ ಸಮುದ್ರಮಟ್ಟದಿಂದ ಸುಮಾರು 915 ಮೀಟರ್. ದೊಡ್ಡ ರನ್‌ವೇಗಳ ಸುತ್ತ ನಾಲ್ಕು ಕಿಲೋಮೀಟರಿನವರೆಗೆ, ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್ ಮೇಲೆ ಒಂದು ಸಮತಟ್ಟಾದ ಕಾಲ್ಪನಿಕ ಚಾವಣಿಯನ್ನು ಅಂತರರಾಷ್ಟ್ರೀಯ ನಿಯಮ ಹಾಸುತ್ತದೆ. 915ಕ್ಕೆ 45 ಕೂಡಿಸಿದರೆ 960. ಆಧಾರವಾಗಿ ಹಿಡಿಯುವ ಬಿಂದುವನ್ನು ಅವಲಂಬಿಸಿ ಒಂದೆರಡು ಮೀಟರ್ ಆಚೀಚೆ ಆಗಬಹುದಾದರೂ ತಮ್ಮ ಪತ್ರದಲ್ಲಿರುವ ಅಂಕಿ ಎಲ್ಲಿಂದ ಬಂತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆ ಚಾವಣಿ ಸಮತಟ್ಟು, ಆದರೆ ಅದರ ಕೆಳಗಿನ ನೆಲ ಸಮತಟ್ಟಲ್ಲ. ತಮ್ಮ ನೆಲ 926ರಲ್ಲಿದೆ, ಆದ್ದರಿಂದ 34 ಮೀಟರ್ ಸಿಕ್ಕಿತು. ಕೆರೆಯ ಅಚ್ಚುಕಟ್ಟಿನ ಕಡೆ, ತಗ್ಗಿನಲ್ಲಿ, ನೆಲ 900 ಮೀಟರಿನಲ್ಲಿದ್ದವರಿಗೆ ಅದೇ ಚಾವಣಿಯ ಕೆಳಗೆ 60 ಮೀಟರ್ ಸಿಗುತ್ತದೆ, ಅಷ್ಟರಲ್ಲಿ ಹದಿನೆಂಟು ಮಹಡಿ ಹಿಡಿಸಲು ಅಡ್ಡಿಯಿಲ್ಲ. ನಾಲ್ಕು ಕಿಲೋಮೀಟರ್ ದಾಟಿದ ಮೇಲೆ ಆ ಚಾವಣಿ ನೂರು ಮೀಟರಿಗೆ ಐದು ಮೀಟರಿನಂತೆ ಮೇಲೇರುತ್ತಾ ಹೋಗುವುದರಿಂದ, ಅರ್ಧ ಕಿಲೋಮೀಟರ್ ದೂರ ಸರಿದವರಿಗೂ 25 ಮೀಟರ್ ಹೆಚ್ಚಾಗಿ ಸಿಗುತ್ತದೆ. ಆ ಯೋಜನೆಯವರು ಯಾರನ್ನೋ ಹಿಡಿದು ಕೆಲಸ ಮಾಡಿಸಿಕೊಂಡಿದ್ದಾರೆ ಎಂಬ ತೀರ್ಮಾನಕ್ಕೆ ಬರುವ ಮೊದಲು ಅವರ ನೆಲಮಟ್ಟವನ್ನು ವಿಚಾರಿಸಿ.

ಇನ್ನು ಪತ್ರದ ಷರತ್ತುಗಳು. ಇವನ್ನು ಜನ ಓದುವುದೇ ಇಲ್ಲ. 960 ಎಂಬುದು ತಾರಸಿಯ ಮಟ್ಟವಲ್ಲ. ಮೆಟ್ಟಿಲಿನ ಹೆಡ್‌ರೂಂ, ಲಿಫ್ಟಿನ ಯಂತ್ರದ ಕೋಣೆ, ನೀರಿನ ಟ್ಯಾಂಕ್, ಟಿವಿ ಅಥವಾ ಮೊಬೈಲ್ ಆಂಟೆನಾ, ಸಿಡಿಲು ತಡೆಯುವ ಕಂಬಿ ಇವುಗಳಲ್ಲಿ ಯಾವುದೂ ಆ ಗೆರೆಯನ್ನು ಮೀರಬಾರದು. ತಾರಸಿಯ ಮೇಲೆ ಇವುಗಳಿಗೆ ಐದಾರು ಮೀಟರ್ ಬೇಕೇ ಬೇಕು. ಆದ್ದರಿಂದ 34 ಮೀಟರಿನಲ್ಲಿ ಸ್ಟಿಲ್ಟ್ ಮತ್ತು ಎಂಟು ಮಹಡಿ ಆರಾಮವಾಗಿ ಹಿಡಿಸುತ್ತವೆ, ಒಂಬತ್ತನೆಯದು ಕಷ್ಟ, ಹನ್ನೊಂದು ಆಗದ ಮಾತು. ನೆಲಕ್ಕೆ ಮಣ್ಣು ತುಂಬಿಸಿ ಎತ್ತರಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಮೇಲಿನ ಗೆರೆ ಅಲುಗುವುದಿಲ್ಲ, ತುಂಬಿಸಿದಷ್ಟೂ ಕಟ್ಟಡಕ್ಕೆ ಸಿಗುವ ಎತ್ತರವೇ ಕಡಿಮೆಯಾಗುತ್ತದೆ.

ನಿವೇಶನದ ಅಕ್ಷಾಂಶ, ರೇಖಾಂಶ ಮತ್ತು ನೆಲಮಟ್ಟವನ್ನು ಕೊಡುವ ಹೊಣೆ ಅರ್ಜಿದಾರರದು. ಪ್ರಾಧಿಕಾರ ಅದನ್ನು ಬಂದು ಅಳೆಯುವುದಿಲ್ಲ, ಸರಿಯಿದೆಯೆಂದು ದೃಢೀಕರಿಸುವುದೂ ಇಲ್ಲ. ತಪ್ಪೆಂದು ನಂತರ ಕಂಡುಬಂದರೆ ಎನ್‌ಒಸಿ ಉಳಿಯುವುದಿಲ್ಲ. ಇಲ್ಲೊಂದು ವೃತ್ತಿಯ ಮಾತು ಹೇಳಬೇಕು. ಜಿಪಿಎಸ್ ಉಪಕರಣ ನೇರವಾಗಿ ಕೊಡುವ ಎತ್ತರ ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ದೀರ್ಘಗೋಳದಿಂದ ಅಳೆದದ್ದೇ ಹೊರತು ಸಮುದ್ರಮಟ್ಟದಿಂದ ಅಳೆದದ್ದಲ್ಲ. ಬೆಂಗಳೂರಿನ ಸುತ್ತಮುತ್ತ ಈ ಎರಡರ ನಡುವೆ 80 ಮೀಟರಿಗೂ ಹೆಚ್ಚು ವ್ಯತ್ಯಾಸವಿದೆ. ಅದನ್ನು ಸರಿಪಡಿಸದೆ ಬರೆದ ನೆಲಮಟ್ಟದ ಮೇಲೆ ಪಡೆದ ಅನುಮತಿ ಕಾಗದಕ್ಕೆ ಮಾತ್ರ ಸೀಮಿತ. ಸರ್ವೇ ಇಲಾಖೆಯ ಬೆಂಚ್‌ಮಾರ್ಕ್‌ನಿಂದ (ಸಮುದ್ರಮಟ್ಟದಿಂದ ಎತ್ತರವನ್ನು ನಿಖರವಾಗಿ ಅಳೆದು ಗುರುತಿಸಿದ ಬಿಂದು) ಮಟ್ಟ ತಂದಿದ್ದಾರೆಯೇ ಎಂದು ತಮ್ಮ ಎಂಜಿನಿಯರ್ ಅವರನ್ನು ಕೇಳಿ.

ಉತ್ತರ 2: ನಿವೃತ್ತ ನಿಯಂತ್ರಕ

ಮೋಜಣಿದಾರರು ಲೆಕ್ಕವನ್ನು ಅಚ್ಚುಕಟ್ಟಾಗಿ ಹೇಳಿದ್ದಾರೆ. ‘ಏಕೆ’ ಎಂಬ ಪ್ರಶ್ನೆಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ. ಹಲವು ವರ್ಷ ವಾಯು ಸಂಚಾರ ನಿಯಂತ್ರಣದಲ್ಲಿ ಕೆಲಸ ಮಾಡಿದವನಿಗೆ ಇದು ಪರಿಚಿತ ವಾದ.

ಜನ ತಾರಸಿಯ ಮೇಲೆ ನಿಂತು, ವಿಮಾನ ಎಷ್ಟು ಮೇಲೆ ಹೋಗುತ್ತದೆ ಎಂದು ನೋಡಿ, ನಡುವೆ ಇಷ್ಟೊಂದು ಜಾಗ ಖಾಲಿ ಇದೆಯಲ್ಲ ಎಂದು ಯೋಚಿಸುತ್ತಾರೆ. ಅವರು ನೋಡುವುದು ಎಲ್ಲವೂ ಸರಿಯಾಗಿರುವ ವಿಮಾನವನ್ನು. ಮಿತಿಯನ್ನು ಹಾಕಿರುವುದು ಏನೋ ಕೆಟ್ಟಿರುವ ವಿಮಾನಕ್ಕಾಗಿ.

ರನ್‌ವೇಯ ನೇರದಲ್ಲಿ ಇಳಿಯುವ ದಾರಿಯನ್ನೇ ತೆಗೆದುಕೊಳ್ಳಿ. ನಮ್ಮ ಜನ ಫನೆಲ್ ಎಂದು ಕರೆಯುವುದು ಇದನ್ನೇ. ಸಾಮಾನ್ಯವಾಗಿ ವಿಮಾನ ಮೂರು ಡಿಗ್ರಿ ಇಳಿಜಾರಿನಲ್ಲಿ ಬಂದು, ರನ್‌ವೇಯ ಅಂಚನ್ನು ಸುಮಾರು 15 ಮೀಟರ್ ಎತ್ತರದಲ್ಲಿ ದಾಟುತ್ತದೆ. ಆ ಲೆಕ್ಕದಲ್ಲಿ ಅಂಚಿಗೆ ಒಂದು ಕಿಲೋಮೀಟರ್ ಇರುವಾಗ ಅದು ಸುಮಾರು 67 ಮೀಟರ್ ಎತ್ತರದಲ್ಲಿರುತ್ತದೆ. ಕಟ್ಟಡಗಳು ಮೀರಬಾರದೆಂದು ಹಾಕಿರುವ ಕಾಲ್ಪನಿಕ ಇಳಿಜಾರು ಮೇಲ್ಮೈ ಅಂಚಿನಿಂದ 60 ಮೀಟರ್ ಹೊರಗೆ ಆರಂಭವಾಗಿ, ಮೊದಲ ಮೂರು ಕಿಲೋಮೀಟರ್ ನೂರಕ್ಕೆ ಎರಡರಂತೆ ಏರುತ್ತದೆ. ಎಂದರೆ ಅದೇ ಒಂದು ಕಿಲೋಮೀಟರಿನಲ್ಲಿ ಕಟ್ಟಡಕ್ಕೆ ಸಿಗುವುದು 19 ಮೀಟರಿಗಿಂತ ಕಡಿಮೆ. ನಡುವಿನ 48 ಮೀಟರ್ ಖಾಲಿ ಜಾಗವೇ ಈ ಇಡೀ ವ್ಯವಸ್ಥೆಯ ತಿರುಳು. ಉಪಕರಣದ ದೋಷ, ಎತ್ತರಮಾಪಕದಲ್ಲಿ ತಪ್ಪಾಗಿ ಹಾಕಿದ ಒತ್ತಡ, ಮಳೆಯಲ್ಲಿ ದಿಢೀರನೆ ಕೆಳಗೆ ತಳ್ಳುವ ಗಾಳಿ, ಸ್ವಲ್ಪ ತಗ್ಗಿಬಂದು ತಡವಾಗಿ ಎಚ್ಚೆತ್ತ ಪೈಲಟ್, ಇಷ್ಟನ್ನೂ ಆ ಜಾಗ ನುಂಗಿಕೊಳ್ಳಬೇಕು. ಆ ಇಳಿಜಾರು ಮುಂದೆ ನೂರಕ್ಕೆ ಎರಡೂವರೆಯಂತೆ ಏರಿ 150 ಮೀಟರ್ ಮುಟ್ಟಿ, ಅಲ್ಲಿಂದ ಸಮತಟ್ಟಾಗಿ, ಒಟ್ಟು 15 ಕಿಲೋಮೀಟರಿನವರೆಗೆ ಹಬ್ಬುತ್ತದೆ.

ಏರುವಾಗಿನ ಕಥೆ ಇನ್ನೂ ಬಿಗಿ. ಎರಡು ಎಂಜಿನ್ನುಗಳ ಪ್ರಯಾಣಿಕ ವಿಮಾನದ ಒಂದು ಎಂಜಿನ್ ರನ್‌ವೇ ಬಿಡುವ ಹೊತ್ತಿಗೆ ಕೆಟ್ಟರೂ, ಚಕ್ರಗಳು ಒಳಗೆ ಸೇರಿದ ಮೇಲೆ ಅದು ನೂರಕ್ಕೆ 2.4ರಂತೆ ಏರಲೇಬೇಕು ಎಂಬುದು ವಿನ್ಯಾಸದ ಕನಿಷ್ಠ ನಿಯಮ. ಅಡೆತಡೆಯ ಲೆಕ್ಕ ಹಾಕುವಾಗ ಅದರಿಂದಲೂ 0.8 ಕಳೆದು 1.6 ಎಂದು ಹಿಡಿಯುತ್ತಾರೆ, ಹಾಗೆ ಹಿಡಿದ ದಾರಿ ಪ್ರತಿಯೊಂದು ಅಡೆತಡೆಯ ಮೇಲೆ 35 ಅಡಿ ಅಂತರದಲ್ಲಿ ಸಾಗಬೇಕು. ಒಂದು ಕಿಲೋಮೀಟರ್ ಹೋದರೆ 16 ಮೀಟರ್ ಏರಿಕೆ! ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿರುವುದರಿಂದ ಗಾಳಿ ತೆಳು. ಏಪ್ರಿಲ್ ತಿಂಗಳ ಮಧ್ಯಾಹ್ನ ಇನ್ನೂ ತೆಳು. ರೆಕ್ಕೆಗೂ ಎಂಜಿನ್ನಿಗೂ ಅದರಿಂದ ಬಲ ಕಡಿಮೆ. ಇಂತಹ ದಿನ ಎದುರಿಗೆ ಒಂದು ಎತ್ತರದ ಕಟ್ಟಡವಿದ್ದರೆ ವಿಮಾನ ಅದಕ್ಕೆ ಗುದ್ದುತ್ತದೆ ಎಂದಲ್ಲ. ಗುದ್ದಬಾರದೆಂದು ಏರ್‌ಲೈನ್‌ನವರು ಮೊದಲೇ ಭಾರ ಕಡಿಮೆ ಮಾಡುತ್ತಾರೆ, ಸರಕನ್ನು ಇಳಿಸುತ್ತಾರೆ, ಕೆಲವೊಮ್ಮೆ ಪ್ರಯಾಣಿಕರನ್ನೂ ಬಿಟ್ಟುಹೋಗುತ್ತಾರೆ. ಒಬ್ಬರು ಹೆಚ್ಚಿಗೆ ಕಟ್ಟಿದ ಎರಡು ಮಹಡಿಯ ಬೆಲೆಯನ್ನು ಹೀಗೆ ಗೊತ್ತೇ ಇಲ್ಲದ ಸಾವಿರಾರು ಜನ ವರ್ಷಾನುಗಟ್ಟಲೆ ತೆರುತ್ತಾರೆ. ಈ ವಿಷಯದಲ್ಲಿ ನನ್ನ ಕೋಪವೆಲ್ಲ ಇರುವುದು ಇಲ್ಲಿಯೇ.

ದೆಹಲಿಯ ಉದಾಹರಣೆ ನೋಡಿ. ಅಲ್ಲಿ 2008ರಲ್ಲಿ ತೆರೆದ ಮೂರನೆಯ ರನ್‌ವೇಯ ಉದ್ದ 4,430 ಮೀಟರ್. ಅದರ ಒಂದು ತುದಿಯ ಕಡೆ, ಹೆದ್ದಾರಿಯ ಪಕ್ಕದಲ್ಲಿ, ಶಿವನ ದೊಡ್ಡ ವಿಗ್ರಹವಿತ್ತು. ವಿಗ್ರಹವನ್ನು ಸರಿಸಲಾಗಲಿಲ್ಲ, ಆದ್ದರಿಂದ ವಿಮಾನ ನೆಲ ಮುಟ್ಟುವ ಅಂಚನ್ನೇ ಸುಮಾರು ಒಂದೂವರೆ ಕಿಲೋಮೀಟರ್ ಒಳಕ್ಕೆ ಸರಿಸಬೇಕಾಯಿತು. ಆ ಕಡೆಯಿಂದ ಇಳಿಯುವವರಿಗೆ ಉಳಿದದ್ದು ಸುಮಾರು ಮೂರು ಕಿಲೋಮೀಟರ್. ಕೋಟಿಗಟ್ಟಲೆ ಹಣ ಸುರಿದು ಹಾಕಿದ ಡಾಂಬರು ಇಳಿಯುವ ಲೆಕ್ಕಕ್ಕೆ ಇಲ್ಲವಾಯಿತು.

ಈಗ ತಮ್ಮ ಜಮೀನಿನ ವಿಷಯ. ಅದು ಫನೆಲ್‌ನಲ್ಲಿ ಇಲ್ಲ, ಬದಿಯಲ್ಲಿದೆ. ಬದಿಯ 45 ಮೀಟರಿನ ಚಾವಣಿ ಇರುವುದು ನೇರವಾಗಿ ಇಳಿಯಲಾಗದ ವಿಮಾನ ರನ್‌ವೇಯನ್ನು ಕಣ್ಣಳತೆಯಲ್ಲಿಟ್ಟುಕೊಂಡು ಸುತ್ತು ಹಾಕಿ ಬರುವುದಕ್ಕೆ, ತೊಂದರೆಗೆ ಸಿಕ್ಕಿದ ವಿಮಾನ ತಗ್ಗಿನಲ್ಲಿಯೇ ತಿರುಗಿ ಹಿಂದಿರುಗುವುದಕ್ಕೆ. ರನ್‌ವೇಯ ಎರಡೂ ತುದಿಗೆ ಇಳಿಯುವ ಮಾರ್ಗದರ್ಶಿ ಉಪಕರಣವಿರುವ ನಿಲ್ದಾಣದಲ್ಲಿ ಹಾಗೆ ಸುತ್ತು ಹಾಕುವ ಪ್ರಸಂಗ ವಿರಳ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಇಡೀ ವ್ಯವಸ್ಥೆಯಲ್ಲಿ ವಾದಕ್ಕೆ ಅವಕಾಶವಿರುವ ಮಿತಿ ಯಾವುದಾದರೂ ಇದ್ದರೆ ಅದು ಇದೇ. ಅದಕ್ಕಾಗಿಯೇ ಏರೋನಾಟಿಕಲ್ ಸ್ಟಡಿಗೆ ಅವಕಾಶ ಕೊಟ್ಟಿರುವುದೂ ಬದಿಯ ಈ ಚಾವಣಿಗಳಿಗೆ. ಇಳಿಯುವ ಮತ್ತು ಏರುವ ದಾರಿಯಲ್ಲಿ, ರನ್‌ವೇಯ ಎರಡೂ ಪಕ್ಕದಲ್ಲಿ ಏಳಕ್ಕೆ ಒಂದರಂತೆ ಏರುವ ಇಳಿಜಾರಿನಲ್ಲಿ, ಆ ಅವಕಾಶವಿಲ್ಲ.

ಚಿಕ್ಕಪ್ಪನವರ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. 108 ಅಡಿ ಎಂದರೆ 33 ಮೀಟರ್. ಅದು 45ಕ್ಕಿಂತ ಸಾಕಷ್ಟು ಕೆಳಗಿದೆ, ಪ್ರತಿಮೆ ಇರುವುದು ರನ್‌ವೇಯ ನೇರದಲ್ಲಿಯೂ ಅಲ್ಲ. ಪ್ರತಿಮೆಗೆ ಬೇರೆ ನಿಯಮವೇನೂ ಇಲ್ಲ. ಇನ್ನು ಮುಂದೆ ಅವರು ನಂದಿ ಬೆಟ್ಟವನ್ನು ತೋರಿಸಿ ಕೇಳಬಹುದು. ಅದು 1,478 ಮೀಟರ್ ಎತ್ತರವಿದ್ದರೂ ನಿಲ್ದಾಣದಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಅದನ್ನು ನಕ್ಷೆಯಲ್ಲಿ ಗುರುತಿಸಿಕೊಂಡೇ ವಿಮಾನಗಳ ದಾರಿಯನ್ನು ರೂಪಿಸುತ್ತಾರೆ. ಬೆಟ್ಟ ಪ್ರತಿ ವರ್ಷ ಒಂದು ಮಹಡಿ ಬೆಳೆಯುವುದಿಲ್ಲ ಎಂಬುದೊಂದು ಸಮಾಧಾನ.

ಉತ್ತರ 3: ಕುಡ್ಲದ ಓದುಗ

ಮಂಗಳೂರಿನವನಾಗಿ ಒಂದು ಮಾತು ಸೇರಿಸಬೇಕೆನಿಸಿತು. ಬಜ್ಪೆಯ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ, ಸುತ್ತಲೂ ಕಣಿವೆ. ಸಮುದ್ರಮಟ್ಟದ ಲೆಕ್ಕದಿಂದಾಗಿ ಕೆಳಗಿನ ಊರುಗಳ ಮನೆಗಳಿಗೆ, ತೆಂಗಿನ ಮರಗಳಿಗೆ ಬಯಲಿನವರಿಗಿಂತ ಸಲೀಸು. ನಮ್ಮಲ್ಲಿ ಕಷ್ಟ ಬಂದದ್ದು ಹೊರಗಿನ ಕಟ್ಟಡದಿಂದಲ್ಲ.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ 2,450 ಮೀಟರಿನ ರನ್‌ವೇಯಲ್ಲಿ ಬಹಳ ಮುಂದೆ ಹೋಗಿ ನೆಲ ಮುಟ್ಟಿ, ನಿಲ್ಲಲಾಗದೆ ತುದಿಯನ್ನು ದಾಟಿತು. ಅದರಾಚೆ ಇಳಿಯುವ ವಿಮಾನಕ್ಕೆ ದಿಕ್ಕು ತೋರುವ ಲೋಕಲೈಸರ್ ಆಂಟೆನಾವನ್ನು ಕಾಂಕ್ರೀಟ್ ರಚನೆಯ ಮೇಲೆ ನಿಲ್ಲಿಸಿದ್ದರು. ವಿಮಾನದ ಬಲರೆಕ್ಕೆ ಅದಕ್ಕೆ ಬಡಿಯಿತು, ಅಲ್ಲಿಂದ ವಿಮಾನ ಕಣಿವೆಗೆ ಉರುಳಿತು. 158 ಜನ ತೀರಿಕೊಂಡರು, ಬದುಕಿದವರು ಎಂಟೇ ಮಂದಿ. ತನಿಖೆ ಮುಖ್ಯ ಕಾರಣವೆಂದು ಗುರುತಿಸಿದ್ದು, ಸರಿಯಾಗಿ ಹೊಂದಿಕೊಳ್ಳದ ಇಳಿಕೆಯನ್ನು ಕೈಬಿಡದೆ ಮುಂದುವರಿಸಿದ ಕಮಾಂಡರ್‌ನ ನಿರ್ಧಾರವನ್ನು. ಅದರ ಬಗ್ಗೆ ತಕರಾರಿಲ್ಲ. ಆದರೆ ರನ್‌ವೇಯ ತುದಿಯಲ್ಲಿ ಇರಲೇಬೇಕಾದ ಉಪಕರಣವೂ ಬಡಿದಾಗ ಮುರಿದುಬೀಳುವಂತಿರಬೇಕು, ಗೋಡೆಯಂತೆ ನಿಲ್ಲಬಾರದು ಎಂಬ ನಿಯಮಕ್ಕೆ ಏನು ಅರ್ಥ ಎಂಬುದನ್ನು ಅಂದು ನಮ್ಮೂರು ನೋಡಿತು.

ಹದಿನಾಲ್ಕು ವರ್ಷಗಳ ಮೇಲೆ, 2024ರ ಡಿಸೆಂಬರ್ 29ರಂದು, ದಕ್ಷಿಣ ಕೊರಿಯಾದ ಮುಆನ್‌ನಲ್ಲಿ ಚಕ್ರವಿಲ್ಲದೆ ಹೊಟ್ಟೆಯ ಮೇಲೆ ಜಾರಿಬಂದ ಜೇಜು ಏರ್ ವಿಮಾನ ಅಂತಹದೇ ಆಂಟೆನಾ ಹೊತ್ತ, ಕಾಂಕ್ರೀಟ್ ಹುದುಗಿಸಿದ ಮಣ್ಣಿನ ದಿಬ್ಬಕ್ಕೆ ಅಪ್ಪಳಿಸಿತು. ವಿಮಾನದಲ್ಲಿದ್ದ 181 ಜನರಲ್ಲಿ 179 ಮಂದಿ ಸತ್ತರು. ಆದ್ದರಿಂದ ಮೂರು ಕಿಲೋಮೀಟರ್ ದೂರದ ರೈತರಿಗೆ ನಿಯಮ ಹೇಳುವ ಆಡಳಿತ ತನ್ನ ಬೇಲಿಯೊಳಗಿನ ಕಾಂಕ್ರೀಟನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಉತ್ತರ 4: ನಿವೃತ್ತ ನಿಯಂತ್ರಕ

ಕುಡ್ಲದವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊರಗಿನ ಎತ್ತರದ ಮಿತಿಗೂ ಒಳಗಿನ ಮುರಿಯುವ ಗುಣದ ನಿಯಮಕ್ಕೂ ಉದ್ದೇಶ ಒಂದೇ: ದಾರಿ ತಪ್ಪಿದ ವಿಮಾನಕ್ಕೆ ಗಟ್ಟಿಯಾದದ್ದು ಎದುರಾಗಬಾರದು.

ಉತ್ತರ 5: ನಗರ ಯೋಜನೆಯವಳು

ಕಾನೂನಿನ ಕಡೆಯಿಂದ ಕೆಲವು ಅಂಶಗಳು. ಈಗ ಚಾಲ್ತಿಯಲ್ಲಿರುವುದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2015ರಲ್ಲಿ ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳು, 2020ರ ತಿದ್ದುಪಡಿಯೊಂದಿಗೆ. ಅವುಗಳ ಪ್ರಕಾರ ನಿಲ್ದಾಣದ ಸುತ್ತ 20 ಕಿಲೋಮೀಟರಿನವರೆಗಿನ ಪ್ರದೇಶವನ್ನು ಬಣ್ಣದ ಚೌಕಗಳಾಗಿ ವಿಂಗಡಿಸಿದ ನಕ್ಷೆಯನ್ನು ಪ್ರಕಟಿಸುತ್ತಾರೆ. ಪ್ರತಿ ಬಣ್ಣಕ್ಕೂ ಒಂದು ಎತ್ತರ. ಅದರೊಳಗಿದ್ದರೆ ಸ್ಥಳೀಯ ಯೋಜನಾ ಪ್ರಾಧಿಕಾರವೇ ನಕ್ಷೆ ಮಂಜೂರು ಮಾಡಬಹುದು, ಅದನ್ನು ಮೀರಿದರೆ ಅಥವಾ ನಿವೇಶನ ಕೆಂಪು ಚೌಕದಲ್ಲಿದ್ದರೆ ಮಾತ್ರ ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ ಬೇಕು. ಎನ್‌ಒಸಿಯ ಅವಧಿ ಕಟ್ಟಡಗಳಿಗೆ ಎಂಟು ವರ್ಷ.

ಬೆಂಗಳೂರಿನ ಕಷ್ಟವೆಂದರೆ ಇಲ್ಲಿರುವುದು ಒಂದೇ ನಿಲ್ದಾಣವಲ್ಲ. ದೇವನಹಳ್ಳಿ, ಯಲಹಂಕದ ವಾಯುಪಡೆಯ ನೆಲೆ, ಜಕ್ಕೂರು, ಎಚ್‌ಎಎಲ್ ಈ ನಾಲ್ಕರ ವೃತ್ತಗಳೂ ಒಂದರ ಮೇಲೊಂದು ಬಿದ್ದಿವೆ. ಉತ್ತರ ಬೆಂಗಳೂರಿನ ಎಷ್ಟೋ ನಿವೇಶನಗಳು ಏಕಕಾಲಕ್ಕೆ ಎರಡು ಮೂರು ವೃತ್ತಗಳೊಳಗೆ ಬರುತ್ತವೆ. ಅನುಮತಿ ಕೊಡುವವರೂ ಬೇರೆ ಬೇರೆ: ನಾಗರಿಕ ನಿಲ್ದಾಣಕ್ಕೆ ಪ್ರಾಧಿಕಾರ, ಯಲಹಂಕಕ್ಕೆ ವಾಯುಪಡೆ, ಎಚ್‌ಎಎಲ್‌ಗೆ ಆ ಸಂಸ್ಥೆಯೇ. ಇವರಲ್ಲಿ ಯಾರು ಅತ್ಯಂತ ಕಡಿಮೆ ಎತ್ತರ ಹೇಳುತ್ತಾರೋ ಅದೇ ಅಂತಿಮ. ಪ್ರಶ್ನೆ ಕೇಳಿದವರು ಒಂದು ಎನ್‌ಒಸಿ ಬಂದೊಡನೆ ಕೆಲಸ ಮುಗಿಯಿತೆಂದು ಭಾವಿಸದೆ, ಯಲಹಂಕದಿಂದ ತಮ್ಮ ನಿವೇಶನ ಎಷ್ಟು ದೂರವಿದೆ ಎಂದು ನಕ್ಷೆಯಲ್ಲಿ ನೋಡಿಕೊಳ್ಳುವುದು ಒಳಿತು. ವಿಮಾನದ ದಾರಿಗೆ ಅಡ್ಡಿಯಾಗದಿದ್ದರೂ ರಾಡಾರ್ ಅಥವಾ ಇಳಿಕೆಯ ಉಪಕರಣದ ಸಂಕೇತಕ್ಕೆ ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೂ ಎತ್ತರ ಕಡಿತವಾಗುವುದುಂಟು.

ಮೀರಿ ಕಟ್ಟಿದವರ ಗತಿ ಏನೆಂದು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ವಿಮಾನಗಳಿಗೆ ಅಡ್ಡಿಯಾದ ಕಟ್ಟಡ ಮತ್ತು ಮರಗಳನ್ನು ತೆರವುಗೊಳಿಸುವ ನಿಯಮಗಳು 1994ರಿಂದಲೇ ಇವೆ. ಕಾನೂನಿದ್ದೂ ಕೈಕಟ್ಟಿ ಕುಳಿತದ್ದಕ್ಕೆ ಮುಂಬೈ ಸಾಕ್ಷಿ. ಅಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ 2022ರ ಜುಲೈನಲ್ಲಿ ಬಾಂಬೆ ಹೈಕೋರ್ಟ್, ವಿಮಾನ ನಿಲ್ದಾಣದ ಬಳಿಯ 48 ಕಟ್ಟಡಗಳ ಮಿತಿ ಮೀರಿದ ಭಾಗಗಳನ್ನು ಕೆಡವುವಂತೆ ಉಪನಗರ ಜಿಲ್ಲಾಧಿಕಾರಿಗೆ ಆದೇಶಿಸಬೇಕಾಯಿತು. ಕೆಡವಬೇಕಾದ ಮಹಡಿಯಲ್ಲಿ ವಾಸವಿರುವವರು ಫ್ಲಾಟ್ ಕೊಂಡ ಕುಟುಂಬಗಳು, ಕಟ್ಟಿ ಮಾರಿದವರಲ್ಲ. ಇಂತಹ ಪ್ರಕರಣಗಳಲ್ಲಿ ನನಗೆ ಅತ್ಯಂತ ಬೇಸರ ತರಿಸುವ ಅಂಶವಿದು. 2025ರ ಜೂನ್‌ನಲ್ಲಿ ಅಹಮದಾಬಾದಿನ ದುರಂತವಾದ ಕೆಲವೇ ದಿನಗಳಲ್ಲಿ ತೆರವಿನ ಹೊಸ ಕರಡು ನಿಯಮಗಳನ್ನು ಸಚಿವಾಲಯ ಪ್ರಕಟಿಸಿತು. ಕರಡು ಬಂದಿತೆಂದ ಮಾತ್ರಕ್ಕೆ ಎತ್ತರದ ಕಟ್ಟಡವೇ ಆ ದುರಂತಕ್ಕೆ ಕಾರಣವೆಂದು ತಿಳಿಯಬಾರದು. ಎರಡನ್ನೂ ಬೆರೆಸಿ ಬರೆದದ್ದನ್ನು ಹಲವೆಡೆ ಓದಿದ್ದೇನೆ.

ಪ್ರತಿಕ್ರಿಯೆ: ಬಯಲುಸೀಮೆಯವ

ಇಷ್ಟು ತಾಳ್ಮೆಯಿಂದ ವಿವರಿಸಿದ ತಮಗೆಲ್ಲರಿಗೂ ಧನ್ಯವಾದಗಳು. ನೆಲಮಟ್ಟವನ್ನು ಬೆಂಚ್‌ಮಾರ್ಕ್‌ನಿಂದಲೇ ತಂದಿರುವುದಾಗಿ ಎಂಜಿನಿಯರ್ ದಾಖಲೆ ತೋರಿಸಿದರು. ಚಿಕ್ಕಪ್ಪನವರಿಗೆ ಪ್ರತಿಮೆಯ ಲೆಕ್ಕ ಒಪ್ಪಿಗೆಯಾಗಿದೆ, ನಂದಿ ಬೆಟ್ಟದ ಮಾತಿಗೆ ನಕ್ಕರು. ಇನ್ನೆರಡು ಸಂಶಯಗಳಿವೆ. ಗಡಿಯಲ್ಲಿ ನಾವು ಬೆಳೆಸಿರುವ ನೀಲಗಿರಿ ಮರಗಳಿಗೂ ಈ ಮಿತಿ ಅನ್ವಯಿಸುತ್ತದೆಯೇ? ಏರೋನಾಟಿಕಲ್ ಸ್ಟಡಿಯ ಭರವಸೆಯ ಮೇಲೆ ಒಪ್ಪಂದಕ್ಕೆ ಸಹಿ ಮಾಡಬಹುದೇ?

ಉತ್ತರ 6: ನಿವೃತ್ತ ನಿಯಂತ್ರಕ

ಮರಗಳಿಗೂ ಅನ್ವಯಿಸುತ್ತದೆ. ಆದರೆ ತಮ್ಮ ಜಾಗದಲ್ಲಿ 34 ಮೀಟರ್ ಅವಕಾಶವಿರುವುದರಿಂದ ಸದ್ಯಕ್ಕೆ ಚಿಂತೆಯಿಲ್ಲ. ಫನೆಲ್‌ನೊಳಗೆ, ರನ್‌ವೇಯ ಅಂಚಿಗೆ ಕೆಲವು ನೂರು ಮೀಟರಿನಲ್ಲಿ ಜಮೀನಿರುವವರು ಮಾತ್ರ ನೀಲಗಿರಿ, ಸಿಲ್ವರ್ ಓಕ್ ನೆಡುವ ಮೊದಲು ಯೋಚಿಸಬೇಕು. ಅಲ್ಲಿ ಸಿಗುವುದು ಹತ್ತು ಮೀಟರಿನ ಆಸುಪಾಸು, ನೀಲಗಿರಿ ಅಷ್ಟನ್ನು ಕೆಲವೇ ವರ್ಷಗಳಲ್ಲಿ ದಾಟುತ್ತದೆ. ಕಟ್ಟಡಕ್ಕಾದರೆ ಅರ್ಜಿ, ಪತ್ರ ಇರುತ್ತವೆ. ಮರ ಯಾರನ್ನೂ ಕೇಳದೆ ಬೆಳೆಯುವುದರಿಂದ ನಿಲ್ದಾಣದವರು ಆಗಾಗ ಹೊಸದಾಗಿ ಸರ್ವೇ ಮಾಡಬೇಕಾಗುತ್ತದೆ.

ಕಟ್ಟುವಾಗ ನಿಲ್ಲಿಸುವ ಟವರ್ ಕ್ರೇನ್ ಬಗ್ಗೆ ಬಿಲ್ಡರ್‌ಗೆ ಎಚ್ಚರಿಕೆ ಹೇಳಿ. ಕಟ್ಟಡ 960ರೊಳಗೆ ಇದ್ದು ಅದರ ಮೇಲೆ ತಿರುಗುವ ಕ್ರೇನಿನ ತೋಳು 970ಕ್ಕೆ ಹೋದರೆ, ಅದು ಇರುವಷ್ಟು ದಿನವೂ ಅಡೆತಡೆಯೇ.

ಉತ್ತರ 7: ಮೋಜಣಿದಾರ

ಒಪ್ಪಂದದ ಬಗ್ಗೆ ವಕೀಲರನ್ನು ಕೇಳಲೇಬೇಕು. ಅಳತೆಯ ಮಟ್ಟಿಗೆ ನನ್ನ ಸಲಹೆ ಇದು. ಸ್ಟಡಿಗೆ ಅರ್ಜಿ ಹಾಕುವುದು ತಪ್ಪಲ್ಲ. ತಮ್ಮ ಜಮೀನು ಬದಿಯ ಚಾವಣಿಯ ಕೆಳಗಿರುವುದರಿಂದ ಅದಕ್ಕೆ ಅವಕಾಶವೂ ಇದೆ. ಆದರೆ ಹೆಚ್ಚಿನ ಎತ್ತರ ಸಿಕ್ಕೇ ಸಿಗುತ್ತದೆ ಎಂದು ಇಂದು ಯಾರಾದರೂ ಹೇಳಿದರೆ ಅದನ್ನು ನಂಬುವಂತಿಲ್ಲ, ಏಕೆಂದರೆ ತೀರ್ಮಾನ ಬಿಲ್ಡರ್ ಕೈಯಲ್ಲಿ ಇಲ್ಲ. ತಮ್ಮ ಪಾಲಿನ ಲೆಕ್ಕವನ್ನು ಸ್ಟಿಲ್ಟ್ ಮತ್ತು ಎಂಟು ಮಹಡಿಯ ಆಧಾರದ ಮೇಲೆಯೇ ನಿಗದಿ ಮಾಡಿಕೊಳ್ಳಿ. ಸ್ಟಡಿಯ ಖರ್ಚು ಯಾರದು, ಹೆಚ್ಚುವರಿ ಮಹಡಿ ಸಿಕ್ಕರೆ ಅದರಲ್ಲಿ ಯಾರಿಗೆ ಎಷ್ಟು, ಫಲಿತಾಂಶ ಬರುವವರೆಗೆ ಕೆಲಸ ನಿಲ್ಲುತ್ತದೆಯೇ ಎಂಬುದೆಲ್ಲ ಬರಹದಲ್ಲಿರಲಿ. ಹನ್ನೊಂದು ಮಹಡಿಗೆ ಪಾಯ ಹಾಕಿ ಎಂಟಕ್ಕೆ ನಿಲ್ಲಿಸಿದರೆ ವ್ಯರ್ಥವಾಗುವ ಹಣ ಯಾರ ತಲೆಗೆ ಎಂಬುದೂ ಅದರಲ್ಲಿರಬೇಕು.

‘ಇಷ್ಟು ಮಹಡಿ’ ಎಂಬ ಮಾತನ್ನು ಒಪ್ಪಂದದಲ್ಲಿ ಮುಖ್ಯ ಮಾಡಬೇಡಿ. ಕಟ್ಟಡದ ಸೆಕ್ಷನ್ ನಕ್ಷೆಯಲ್ಲಿ ಕೆಳಗೆ 926, ಮೇಲೆ 960 ಎಂದು ಎರಡು ಗೆರೆ ಎಳೆಸಿ. ಟ್ಯಾಂಕ್, ಲಿಫ್ಟ್ ಕೋಣೆ, ಸಿಡಿಲಿನ ಕಂಬಿ ಮೂರೂ ಮೇಲಿನ ಗೆರೆಯ ಕೆಳಗೆ ಬಿದ್ದಿವೆಯೇ ಎಂದು ನೋಡಿ, ಆ ಹಾಳೆಯನ್ನೇ ಒಪ್ಪಂದಕ್ಕೆ ಲಗತ್ತಿಸಿ ಎರಡೂ ಕಡೆಯವರು ಸಹಿ ಹಾಕಿ. ಯಲಹಂಕದ ವೃತ್ತದ ವಿಚಾರವನ್ನು ನಗರ ಯೋಜನೆಯವರು ಹೇಳಿದ್ದಾರಲ್ಲ, ಅದು ಇತ್ಯರ್ಥವಾಗುವವರೆಗೆ ಸಹಿಗೆ ಅವಸರ ಬೇಡ.